ಕೆರೆ ದಾಟಿ ಚಿತ್ರದ ಬಂಡೆಗೆ

ಇರಕಲ್ಲಗಡದ ಗೆಳೆಯನೂ ನಾನೂ ಎಷ್ಟೋ ವರ್ಷ ಭಾನುವಾರ ತಪ್ಪಿಸದೆ ಗುಡ್ಡ ಹತ್ತಿದವರು. ಗಂಗಾವತಿ ಕಡೆಯ ಒಂದು ಗುಡ್ಡದಲ್ಲಿ, ಚಾಚಿಕೊಂಡ ಬಂಡೆಯ ಅಡಿಯಲ್ಲಿ, ಆದಿಮಾನವರು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ನಾನು ನೋಡಿದ್ದೆ, ಅವನು ನೋಡಿರಲಿಲ್ಲ. ಮುಂದೆ ನೋಡಿದರಾಯಿತು ಎನ್ನುತ್ತಲೇ ಇದ್ದೆವು. ಸಕ್ಕರೆ ಕಾಯಿಲೆ ಅವನ ಕಣ್ಣಿಗಿಳಿದು, ಉಳಿದ ನೋಟವೂ ಹೆಚ್ಚು ದಿನ ಇರದೆಂದು ಡಾಕ್ಟರು ಹೇಳಿದ ಮೇಲೆ ಅವಸರ ಬಿತ್ತು. ಬಿಸಿಲಿದ್ದರೆ ಅವನಿಗೆ ಅಷ್ಟಿಷ್ಟು ಕಾಣುತ್ತಿತ್ತು. ಹೊತ್ತು ಇಳಿದರೆ ಏನೂ ಇಲ್ಲ.

ಬಸ್ಸು ಕೈಕೊಟ್ಟು ಗುಡ್ಡದ ಬುಡ ಮುಟ್ಟುವಾಗಲೇ ಮೂರು ಗಂಟೆ. ಬಂಡೆಯ ದಾರಿಗೆ ಅಡ್ಡವಾಗಿ ಹೂಳು ತುಂಬಿದ ಹಳೆಯ ಕೆರೆ, ಮಳೆಗೆ ಮೇಲೆಲ್ಲ ಹಸಿರು ಹುಲ್ಲು.

"ಸುತ್ತ ಹಾಕಿ ಹೋಗೂಣು," ಅಂದ.

"ನಾ ಸಿದ್ದಾಪುರದಾಂವ. ಹುಟ್ಟಿದಾಗಿಂದ ಗದ್ದ್ಯಾಗ ಅದೀನಿ, ನನಗ ರಾಡಿ ಕಲಿಸ್ತಿಯೇನು? ಮೊಣಕಾಲ ತನಕ ಹೋದ್ರ ಗಟ್ಟಿ ನೆಲ ಸಿಗತೈತಿ, ಬಾ," ಅಂದೆ ನಾನು.

ಗದ್ದೆಯಲ್ಲಿ ಸಿಗುತ್ತದೆ. ಅಲ್ಲಿ ಸಿಗಲಿಲ್ಲ. ಹತ್ತು ಹೆಜ್ಜೆಗೆ ತೊಡೆಮಟ್ಟ ಹೂತೆ, ಎಳೆಯಲು ಬಂದ ಅವನೂ ಹೂತ. ಹುಲ್ಲು ಹಿಡಿದು, ಹೊಟ್ಟೆಯ ಮೇಲೆ ತೆವಳಿ, ಒಬ್ಬರನ್ನೊಬ್ಬರು ಬೈಯುತ್ತ ದಡ ಸೇರುವಷ್ಟರಲ್ಲಿ ಒಂದೂವರೆ ತಾಸು ಹೋಗಿತ್ತು. ಇಬ್ಬರ ಮೊಬೈಲೂ ಕೆಸರು ಕುಡಿದು ಸತ್ತಿದ್ದವು.

ಬಂಡೆ ತಲುಪಿದಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ನನಗೆ ಎಲ್ಲ ಕಾಣುತ್ತಿತ್ತು. ಅವನು ಕಲ್ಲಿಗೆ ಮೂಗು ತಾಗಿಸಿ ನಿಂತ.

"ಎಲ್ಲಿ ಅದಾವೋ?"

"ನಿನ್ನ ಎದುರಿಗೇ ಅದಾವ."

"ನನಗ ಬರೇ ಕರ್ರಗ ಕಾಣತೈತಿ."

ಬಾಯಲ್ಲಿ ಹೇಳುತ್ತಾ ಹೋದೆ: ಉದ್ದ ಕೋಡಿನ ಎತ್ತು, ಕೈ ಹಿಡಿದು ಸಾಲಾಗಿ ನಿಂತ ಜನ. ಅವನು ಹೂಂ ಹೂಂ ಎಂದ. ಅಲ್ಲೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕೈ ಹಿಡಿದು ಇಳಿಸಿಕೊಂಡು ಬಂದೆ, ಈ ಸಲ ಕೆರೆ ಸುತ್ತು ಹಾಕಿ.

ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆಯೇ ಹೊರಟು ಬರೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಅವನಿಗೆ ಹಗಲೂ ಕಾಣದಾಯಿತು. ನನ್ನ ಜಂಭವೇ ಅವನ ಕೊನೆಯ ನೋಟವನ್ನು ನುಂಗಿತು. ಇದನ್ನು ಯಾರ ಮುಂದೆಯೂ ಹೇಳಿಲ್ಲ, ಹೇಳಿದರೂ ಹಗುರಾಗುವುದಿಲ್ಲ.

ಈಗ ಚಹಾದಂಗಡಿಯಲ್ಲಿ ಯಾರಾದರೂ ಗುಡ್ಡದ ಮಾತು ತೆಗೆದರೆ ಅವನು ಆ ಎತ್ತು, ಆ ಜನ, ಎಲ್ಲವನ್ನೂ ನಾನು ಹೇಳಿದ ಹಾಗೆಯೇ ಬಣ್ಣಿಸುತ್ತಾನೆ.

"ಕಣ್ಣಾರೆ ನೋಡೇನ್ರಿ. ಈ ದೋಸ್ತನೇ ನನ್ನ ಕರಕೊಂಡು ಹೋಗಿದ್ದ."

ಆಮೇಲೆ ನಾನು ಕೂತಿರುವ ಜಾಗಕ್ಕಿಂತ ಸ್ವಲ್ಪ ಆಚೆಗೆ ಮುಖ ತಿರುಗಿಸಿ ಕೇಳುತ್ತಾನೆ, "ಹೌದಿಲ್ಲೋ?"

"ಹೌದು," ಅನ್ನುತ್ತೇನೆ, "ಇಬ್ಬರೂ ನೋಡೀವಿ."