ನನ್ನನ್ನು ಬೈಯದ ತಮಟೆ ಮೇಷ್ಟ್ರು

ಬೇಸಿಗೆ ರಜೆಯಲ್ಲಿ ಮಳವಳ್ಳಿಯ ತಮಟೆ ಶಿಬಿರಕ್ಕೆ ಹೋಗುತ್ತೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಗದೇ ಉಳಿದವರಿಲ್ಲ. ಐವತ್ತೆರಡು ವರ್ಷದ ಗಣಿತದ ಟೀಚರು, ಸಾಲದ್ದಕ್ಕೆ ಮಂಡಿನೋವು. ನಗಲಿ ಬಿಡಿ ಎಂದುಕೊಂಡೆ. ತಮಟೆ ಸದ್ದು ಕೇಳಿದರೆ ಚಿಕ್ಕಂದಿನಿಂದಲೂ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಮ್ಮದು ಗದ್ದೆ, ತೋಟ, ಹತ್ತಾರು ಆಳುಕಾಳು ಇದ್ದ ಗೌಡರ ಮನೆ. ಅಂಥ ಮನೆಯ ಹೆಣ್ಣುಮಕ್ಕಳು ತಮಟೆಯನ್ನು ಮುಟ್ಟುವುದಿರಲಿ, ಹತ್ತಿರ ನಿಂತು ನೋಡಿದರೂ ಅಜ್ಜಿ ಜುಟ್ಟು ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದಳು. ಆ ಹಟ ನನ್ನಲ್ಲಿ ಇಷ್ಟು ವರ್ಷ ಕೂತೇ ಇತ್ತು.

ಪೂರಿಗಾಲಿಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಶಾಲೆಯೊಂದರ ಶೀಟಿನ ಶೆಡ್ಡಿನಲ್ಲಿ ಹನ್ನೆರಡು ಜನ ಕಲಿಯುವವರು, ಎಲ್ಲರ ಕೈಗೂ ಪ್ಲಾಸ್ಟಿಕ್ ಹಾಳೆ ಬಿಗಿದ ಹೊಸ ತಮಟೆ. ಮೇಷ್ಟ್ರು ಬಂದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮೂರಿನವರೇ, ಊರಾಚೆಯ ಕೇರಿಯವರು. ನಮ್ಮ ಮನೆಯ ಮದುವೆ, ಹಬ್ಬ, ಸಾವು ಎಲ್ಲಕ್ಕೂ ತಮಟೆ ಬಾರಿಸಿದವರು. ಬಾರಿಸುವಾಗ ಮೆರವಣಿಗೆಯ ಮುಂದೆ ಇರುತ್ತಿದ್ದರು, ಊಟಕ್ಕೆ ಮಾತ್ರ ಹಿತ್ತಿಲಾಚೆ ಕಡೆಯ ಪಂಕ್ತಿ. ನಮ್ಮಕ್ಕನ ಮದುವೆಯ ದಿನ ಅವರ ಬೊಗಸೆಗೆ ಚೊಂಬನ್ನು ಎತ್ತರ ಹಿಡಿದು ನೀರು ಹುಯ್ದವಳು ನಾನೇ. ಆಗ ನನಗೆ ಹತ್ತು ವರ್ಷ. ಅವರನ್ನು ಹೆಸರು ಹಿಡಿದು 'ಬಾರೋ, ಹೋಗೋ' ಎನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಮಸ್ಕಾರ ಮೇಷ್ಟ್ರೇ" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ನೀವೇನವ್ವ! ಬಿಸಿಲಲ್ಲಿ ಯಾಕ್ ಬರಕೋದ್ರಿ?" ಎಂದರು.

ಅವರ ಬಗಲಲ್ಲಿ ಚರ್ಮದ ತಮಟೆಯಿತ್ತು. ಒಂದು ಹಿಡಿ ಕಬ್ಬಿನ ತರಗಿಗೆ ಬೆಂಕಿ ಹಾಕಿ, ಅದರ ಮೇಲೆ ತಮಟೆಯನ್ನು ಆಡಿಸಿ, ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿದರು. ಸಾಲದು ಎಂದು ತಲೆಯಾಡಿಸಿ ಮತ್ತೆ ಬೆಂಕಿಗೆ ಹಿಡಿದರು. ಹೀಗೆ ಮೂರು ಸಲ. ಆಮೇಲೆ ಎದೆಗವಚಿಕೊಂಡು ಒಂದೇ ಒಂದು ಪೆಟ್ಟು ಹಾಕಿದರು. ಶೆಡ್ಡಿನ ಶೀಟು ಜುಮ್ಮೆಂದಿತು, ನನ್ನ ಎದೆಮೂಳೆ ಅದುರಿತು. ಎಪ್ಪತ್ತು ದಾಟಿದ ಆ ಬಡಕಲು ತೋಳಿನಿಂದ ಅಷ್ಟು ದೊಡ್ಡ ಸದ್ದು ಹೇಗೆ ಬಂತೆಂದು ನಾನು ಬಾಯಿಬಿಟ್ಟುಕೊಂಡು ನಿಂತೆ. ಸಣ್ಣವಳಿದ್ದಾಗ ಕೇಳಿದ್ದು ಇದೇ ಸದ್ದನ್ನೇ, ಆದರೆ ಬಾಗಿಲ ಸಂದಿಯಿಂದ.

ಮೇಷ್ಟ್ರು ಕಲಿಸುತ್ತಿದ್ದುದೇ ಬೈದು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಮಳವಳ್ಳಿಯ ಸಾಬರ ಹುಡುಗ, ಆಟೋ ಓಡಿಸುವವನು, ಒಂದೇಟು ತಪ್ಪಿದರೆ ಸಾಕು, "ಏನ್ಲಾ, ಕೆಟ್ಟೋದ ಆಟೋಗೆ ವದ್ದಂಗೆ ವಡೀತೀಯಲ್ಲ! ಕೈ ಬುಡ್ಲಾ" ಎಂದು ಅವನ ಮಣಿಕಟ್ಟು ಹಿಡಿದು ತಾವೇ ಬಾರಿಸಿ ತೋರಿಸುತ್ತಿದ್ದರು. ನರ್ಸಮ್ಮನೊಬ್ಬಳಿದ್ದಳು. "ಇಂಜೆಸನ್ ಚುಚ್ದಂಗೆ ಚುಚ್ಬ್ಯಾಡ ಕಣಮ್ಮಿ" ಎಂದು ಅವಳ ಕೈಯನ್ನೂ ಹಿಡಿದು ತಿದ್ದುತ್ತಿದ್ದರು. ಮಣಿಕಟ್ಟು ಅವರ ಹಿಡಿತದಲ್ಲಿ ನಾಲ್ಕು ಸುತ್ತು ಓಡಿದರೆ ಸಾಕು, ಯಾರಿಗಾದರೂ ಪೆಟ್ಟು ಕೂರುತ್ತಿತ್ತು. ಅದನ್ನು ನೋಡುವುದೇ ಒಂದು ಸೋಜಿಗ.

ನನ್ನ ಸರದಿ ಬಂದಾಗ ಮಾತ್ರ ಮೂರು ಮಾರು ದೂರ ನಿಂತು, "ಚೆಂದಾಗದೆ ಕಣವ್ವ, ಚೆಂದಾಗದೆ" ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದರು. ಮೊದಲ ಎರಡು ದಿನ ನಾನು ಉಬ್ಬಿದ್ದೂ ಉಂಟು. ನೋಟ್‌ಬುಕ್ಕಿನಲ್ಲಿ ಪೆಟ್ಟುಗಳನ್ನು ಅಂಕಿಗಳಲ್ಲಿ ಬರೆದುಕೊಂಡಿದ್ದೆ. ಎಂಟರ ಲೆಕ್ಕ, ಮೂರನೆಯದು ಜೋರು, ಏಳನೆಯದು ಖಾಲಿ. ಲೆಕ್ಕ ತಪ್ಪದ ಮೇಲೆ ತಾಳ ಹೇಗೆ ತಪ್ಪೀತು ಎಂಬ ಜಂಬ.

ಮೂರನೆಯ ದಿನ ಟೀ ಕುಡಿಯುವಾಗ ಆಟೋದವನು ನೇರವಾಗಿ ಹೇಳಿದ. "ಟೀಚರಮ್ಮ, ನೀವು ಬಾರ್ಸೋದು ತಪ್ಪು ಕಣ್ರೀ. ಪ್ರತಿ ಸಲಾನೂ ಪೆಟ್ಟು ಮೊದ್ಲೇ ಹಾಕ್ಬುಡ್ತೀರಾ. ಮೇಷ್ಟ್ರು ನಿಮಗೆ ಮಾತ್ರ ಹೇಳ್ತಾ ಇಲ್ಲ."

ಯಾಕೆ ಹೇಳುತ್ತಿಲ್ಲ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಅವರ ಮೇಲೋ, ನಮ್ಮ ಮನೆಯ ಮೇಲೋ, ನನ್ನ ಮೇಲೋ ತಿಳಿಯದು. ಸಂಜೆ ಎಲ್ಲರೂ ಹೋಗುವವರೆಗೆ ಕಾದು ಕೇಳಿಯೇಬಿಟ್ಟೆ. "ಮೇಷ್ಟ್ರೇ, ನನಗೂ ಬೈಯಿರಿ. ಅವರಿಗೆಲ್ಲ ಕೈ ಹಿಡಿದು ಕಲಿಸ್ತೀರಿ, ನನಗೆ ಯಾಕಿಲ್ಲ?"

ಅವರು ತಮಟೆಯ ಅಂಚು ಒರೆಸುತ್ತ ನಕ್ಕರು. "ನಿಮ್ಮನ್ನ ಬಯ್ಯಾಕಾದದೇನವ್ವ? ನಿಮ್ಮನೆ ಅನ್ನ ತಿಂದಿವಿ. ನೀವು ಕಲ್ತಷ್ಟು ಕಲೀರಿ, ಸಾಕು."

ಇಪ್ಪತ್ತೇಳು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ತಪ್ಪು ಲೆಕ್ಕಕ್ಕೆ ಸರಿ ಗುರುತು ಹಾಕಿ ಪುಟ ತಿರುಗಿಸಿದರೆ ಆ ಮಗುವನ್ನು ಕೈಬಿಟ್ಟ ಹಾಗೆ ಎಂದು ನನಗೆ ಗೊತ್ತು. ಇನ್ನುಳಿದ ದಿನಗಳಲ್ಲಿ ಈ ಮನುಷ್ಯ ನನ್ನನ್ನು ಶಿಷ್ಯಳೆಂದು ಒಪ್ಪದಿದ್ದರೆ, ತಮಟೆ ಹೊತ್ತ ಗೌಡರ ಮಗಳಾಗಿಯೇ ಮನೆಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ. ಮಾರನೆಯ ದಿನವೂ ಹೋದೆ, ಆಮೇಲಿನ ದಿನಗಳಲ್ಲೂ ಹೋದೆ. ದಿನಾಲೂ "ಚೆಂದಾಗದೆ ಕಣವ್ವ".

ಎಂಟನೆಯ ದಿನ ಕೊತ್ತತ್ತಿಯಿಂದ ಪೂಜೆ ಕುಣಿಯುವವರೊಬ್ಬರು ಬಂದರು. ನಮ್ಮ ಕಡೆಯವರಿಗೆ ಪೂಜೆ ಕುಣಿತ ಹೇಳಿಕೊಡಬೇಕಾಗಿಲ್ಲ: ಪೂಜೆ ಎಂದರೆ ಆಳೆತ್ತರದ ಬಿದಿರಿನ ಚೌಕಟ್ಟು, ಅದಕ್ಕೆ ಸುತ್ತಿದ ಸೀರೆಗಳು, ನಡುವೆ ದೇವಿಯ ಹಿತ್ತಾಳೆ ಮುಖ, ಅಷ್ಟನ್ನೂ ತಲೆಯ ಮೇಲೆ ಹೊತ್ತು ಕೈಬಿಟ್ಟು ಕುಣಿಯಬೇಕು. "ಇವತ್ತು ನೀವು ಒಬ್ಬೊಬ್ರೇ ಬಾರ್ಸಿ, ಅವ್ನು ಕುಣೀತನೆ" ಎಂದರು ಮೇಷ್ಟ್ರು. ಆಟೋದವನು ಬಾರಿಸಿ ಗೆದ್ದ. ಆಮೇಲೆ ನಾನು.

ಮೂರು ಸುತ್ತು ನಡೆಯಿತು. ನಾಲ್ಕನೆಯದರಲ್ಲಿ ನನ್ನ ಪೆಟ್ಟು ಮುಂಚೆಯೇ ಬಿದ್ದುಬಿಟ್ಟಿತು. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ಆ ಮನುಷ್ಯನಿಗೆ ತಿಳಿಯಲಿಲ್ಲ. ಪೂಜೆ ಒಂದು ಕಡೆಗೆ ವಾಲಿತು, ಅವರು ಕತ್ತು ಬಿಗಿಹಿಡಿದು ಹೇಗೋ ತಡೆದರು.

"ಥೂ, ನಿನ್ನ!" ಮೇಷ್ಟ್ರು ಶೆಡ್ಡಿನ ಆ ತುದಿಯಿಂದ ನುಗ್ಗಿ ಬಂದವರೇ ನನ್ನ ಮಣಿಕಟ್ಟು ಹಿಡಿದರು. "ಬುಡೇ ಕೈನ! ಒಂದು ಎಲ್ಡು ಅಂತ ಏನ್ ಎಣಿಸ್ತಾ ಕುಂತಿದ್ದೀಯ? ಅವನ ಕತ್ತು ಮುರೀಬೇಕಾ?"

ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಒರಟಾದ, ಬಿಸಿಯಾದ ಆ ಅಂಗೈ ಅದನ್ನು ಮೇಲೆತ್ತಿತು, ತಡೆಯಿತು, ಇನ್ನೂ ತಡೆಯಿತು, ಆಮೇಲೆ ಬಿಟ್ಟಿತು. ಪೆಟ್ಟು ಬಿದ್ದ ಗಳಿಗೆಯಲ್ಲೇ ಕುಣಿಯುವವರ ಹಿಮ್ಮಡಿ ನೆಲಕ್ಕೆ ಬಿತ್ತು. ಮತ್ತೊಮ್ಮೆ, ಮಗದೊಮ್ಮೆ. ಕಾಲು ಪೆಟ್ಟಿನ ಹಿಂದೆ ಬರುತ್ತದೆಂದು ಎಂಟು ದಿನ ನಂಬಿದ್ದೆ. ಪೆಟ್ಟೇ ಕಾಲಿಗಾಗಿ ಕಾಯುತ್ತಿತ್ತು! ಅಷ್ಟೆತ್ತರದ ಪೂಜೆ ಒಂದೆಳೆಯಷ್ಟೂ ವಾಲದೆ ಗಿರ್ರನೆ ತಿರುಗತೊಡಗಿತು. ಅದು ನನ್ನ ಕೈಯ ಸದ್ದಿಗೆ ತಿರುಗುತ್ತಿದೆ ಎಂದು ನಂಬಲಾಗದೆ ಮೈಯೆಲ್ಲ ನವಿರೆದ್ದಿತು.

ಮೇಷ್ಟ್ರ ಮುಖ ನೋಡಿದೆ. ಅವರಿಗೂ ಆಗಲೇ ಅರಿವಾಗಿರಬೇಕು. ಯಾರ ಕೈ ಹಿಡಿದಿದ್ದೇನೆಂದು ಅವರು ಒಮ್ಮೆ ಕೆಳಗೆ ನೋಡಿದರು. ಹಿಡಿತ ಸಡಿಲವಾಯಿತು, ಒಂದು ಬೆರಳು ಮೇಲೆದ್ದಿತು. ನಾನು ಕೈಯನ್ನು ಅವರ ಹಿಡಿತದಲ್ಲೇ ಬಿಟ್ಟಿದ್ದೆ. ಎದುರಿಗೆ ಕುಣಿಯುವವರ ಕಾಲು ಮತ್ತೆ ಮೇಲೆದ್ದಿತ್ತು. ಮೇಷ್ಟ್ರ ಬೆರಳು ವಾಪಸು ಬಂದು ಮೊದಲಿಗಿಂತ ಬಿಗಿಯಾಗಿ ಕೂತಿತು.

"ನನ್ ಮಕ ಏನೇ ನೋಡ್ತೀಯ" ಎಂದು ಗದರಿದರು, "ಅವನ ಕಾಲ್ ನೋಡು!"

ನೋಡಿದೆ.