ತಾಕತ್ತಿನ ಗುಳಿಗೆ

ಇಜೇರಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿ, ಹೆಸರು ಬೇಡ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊರಸಿನ ಮೇಲೆ ಏದುಸಿರು ಬಿಡುತ್ತಿರುವ ಸೂರ್ಯಕಾಂತನ ಕುತ್ತಿಗೆಯನ್ನು ಯಶೋಧರಾ ಮುಟ್ಟಿ ನೋಡುತ್ತಿದ್ದಾರೆ. ಕಿವಿಯ ಕೆಳಗೆ ನಿಂಬೆ ಗಾತ್ರದ ಗಡ್ಡೆ, ಮೈ ಕೆಂಡ. ನೋಡಿದವರೇ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾರೆ.

“ಗುಳಿಗಿ ತಗೊಳ್ಳಾಕತ್ತಿಯಿಲ್ಲಪಾ?”

ಉತ್ತರ ಅವನ ತಾಯಿ ಮಲ್ಕಮ್ಮನದು. “ಟಿ.ಬಿ. ಗುಳಿಗಿ ತಪ್ಪಿಸಿಲ್ರಿ ಮೇಡಂ. ತಾಕತ್ತಿನ ಗುಳಿಗಿ ನಾನ ಬಂದ್ ಮಾಡೇನಿ. ಜ್ವರದಾಗ ತಾಕತ್ತಿಂದು ಯಾಕ? ಅದು ಸುರು ಆದಮ್ಯಾಲೆನ ಗಡ್ಡಿ ಎದ್ದದ.”

ಮಲ್ಕಮ್ಮ ಎತ್ತಿಟ್ಟಿರುವ ಆ ಡಬ್ಬಿಯಲ್ಲಿರುವುದು ಎಚ್‌ಐವಿಯ ಮಾತ್ರೆ. ಅವ್ವನಿಗೆ ಹೇಳಲು ಬಾಯಿ ಬಾರದೆ ಮಗ ಅದಕ್ಕೆ ಇಟ್ಟ ಹೆಸರು ತಾಕತ್ತಿನ ಗುಳಿಗೆ. ಆ ಹೆಸರೇ ಈಗ ಅವನ ಕುತ್ತಿಗೆಗೆ ಬಂದಿದೆ.

ಜೇವರ್ಗಿಯ ಆರೋಗ್ಯ ಕಾರ್ಯಕರ್ತೆ ಯಶೋಧರಾ (ಇಲ್ಲಿ ಎಲ್ಲರ ಹೆಸರೂ ಬದಲಿಸಿದ್ದೇನೆ) ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಹಳೆಯ ಸ್ಕೂಟಿಯಲ್ಲಿ ನೆಲೋಗಿ, ಅಫಜಲಪುರದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಕ್ಷಯವೂ ಎಚ್‌ಐವಿಯೂ ಕೂಡಿ ಬಂದವರು ಮಾತ್ರೆ ಬಿಡದಂತೆ ನೋಡಿಕೊಳ್ಳಬೇಕು. ಎಚ್‌ಐವಿ ಮಾತ್ರೆ ಶುರುವಾದ ಮೊದಲ ವಾರಗಳೇ ಗಂಡಾಂತರದವು. ಸೋತು ಮಲಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದು, ಒಳಗಿರುವ ಕ್ಷಯದ ಮೇಲೆ ಮುಗಿಬೀಳುತ್ತದೆ. ಇಳಿದಿದ್ದ ಜ್ವರ ಮರಳುತ್ತದೆ, ಗಡ್ಡೆ ಊದುತ್ತದೆ, ಕೆಲವರಿಗೆ ಉಸಿರೂ ಕಟ್ಟುತ್ತದೆ. ಔಷಧಿಯೇ ವಿಷವಾಯಿತೆಂದು ಜನ ಕೈಬಿಡುವುದೂ ಆಗಲೇ.

“ಗುಳಿಗಿಯಿಂದ ಏನೂ ಆಗಂಗಿಲ್ಲ ಅಂತ ಸುಳ್ಳ ಹೇಳಂಗಿಲ್ರಿ ನಾ,” ಎನ್ನುತ್ತಾರೆ ಯಶೋಧರಾ. “ಆಗ್ತದ. ಆದ್ರ ಬಿಡಬ್ಯಾಡ, ಮೊದಲ ನನಗ ಫೋನ್ ಹಚ್ಚು ಅಂತೇನಿ.”

ಆಂಬುಲೆನ್ಸ್ ಬಂದು ನಿಂತಿದೆ. ಮಲ್ಕಮ್ಮ ಹೊರಸು ಬಿಡುತ್ತಿಲ್ಲ. “ದವಾಖಾನಿ ಗುಳಿಗಿನ ಹಿಂಗ ಮಾಡ್ಯಾವ. ಮತ್ತ ಅಲ್ಲಿಗೆ ಕಳಸಂಗಿಲ್ಲ!” ರೋಗದ ಹೆಸರು ಒಂದು ಹೇಳಿದರೆ ಈ ತಾಯಿ ದಾರಿ ಬಿಟ್ಟಾರು. ಆದರೆ ಆ ಗುಟ್ಟು ಯಶೋಧರಾ ಅವರದಲ್ಲ. ಅವರು ಸೂರ್ಯಕಾಂತನ ಮುಖದ ಹತ್ತಿರ ಬಾಗುತ್ತಾರೆ. “ನಾ ಹೇಳಂಗಿಲ್ಲೋ ತಮ್ಮಾ. ನೀನ ಹೇಳಬೇಕು.”

ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ವರದಿಗೆಂದು ಜೊತೆಗೆ ಬಂದ ನನಗಂತೂ ಹೇಳಿಬಿಡೋ ಎಂದು ಕೂಗಬೇಕೆನಿಸುತ್ತದೆ.

“ಯವ್ವಾ, ಅದು ತಾಕತ್ತಿನ ಗುಳಿಗಿ ಅಲ್ಲ.” ಉಳಿದದ್ದನ್ನು ಅವ್ವನ ಕಿವಿಯಲ್ಲಿ ಹೇಳುತ್ತಾನೆ.

ಮಲ್ಕಮ್ಮ ಅಳುವುದಿಲ್ಲ. ಒಳಗೆ ಹೋಗಿ, ಜೋಳದ ಚೀಲದೊಳಗೆ ಕೈಹಾಕಿ ಡಬ್ಬಿ ತೆಗೆದು ತರುತ್ತಾರೆ. “ಮೊದಲ ಹೇಳಿದ್ರ ನಾ ಯಾಕ ಮುಚ್ಚಿಡ್ತಿದ್ನಿ ಲೇ?” ಎನ್ನುತ್ತಾರೆ. ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ತಾವೂ ಆಂಬುಲೆನ್ಸ್ ಹತ್ತುತ್ತಾರೆ.

ಸಂಜೆ, ಕಲಬುರಗಿಯ ಆಸ್ಪತ್ರೆ. ಊತ ಇಳಿಸುವ ಔಷಧ ಶುರುವಾಗಿದೆ. ಎರಡೂ ರೋಗದ ಮಾತ್ರೆ ಮುಂದುವರಿಯಬೇಕೆಂದು ಡಾಕ್ಟರು ಹೇಳಿದ್ದಾರೆ. ಉಸಿರು ತುಸು ಹದಕ್ಕೆ ಬಂದಿದೆ, ಭಯ ಪೂರ್ತಿ ಹೋಗಿಲ್ಲ. ವರಾಂಡದಲ್ಲಿ ಕೂತ ಯಶೋಧರಾ ಅವರ ಫೋಟೊ ತೆಗೆಯಲು ನಾನು ಮೊಬೈಲ್ ಎತ್ತುತ್ತೇನೆ. ಅವರು ಸೆರಗು ಅಡ್ಡ ಹಿಡಿಯುತ್ತಾರೆ.

“ಗುಳಿಗಿ ಬಿಡಬ್ಯಾಡ್ರಿ ಅಂತ ಬರೀರಿ ಸರ್, ಸಾಕು. ಫೋಟೊ ಬ್ಯಾಡ. ನನ್ನ ಮಾರಿ ಗುರುತ ಹತ್ತಿದ್ರ, ನಾ ಹೋಗೋ ಮನಿ ಎಲ್ಲಾ ಗುರುತ ಹತ್ತತಾವ.”