ದಿನಕ್ಕೆ ನಾಲ್ಕು ಹಾಳಿ
ಮಿರಜದ ನಮ್ಮ ಚರ್ಚಿನ ಪುಸ್ತಕದ ಕಪಾಟಿನ ಕೀಲಿಕೈ ನಮಗೆಲ್ಲ ಚಿಕ್ಕಮ್ಮನಂತಿರುವ ಎಸ್ತೇರ ಮಾವಶಿಯ ಸೊಂಟದಲ್ಲಿರುತ್ತದೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಕೆ. ಪುಸ್ತಕವನ್ನೂ ಔಷಧದಂತೆಯೇ ಕೊಡುತ್ತಾಳೆ. "ಮುಂಜಾನೆ ಎರಡ ಹಾಳಿ, ಸಂಜೀಕ ಎರಡ. ಮೊದಲ ಪ್ರಾರ್ಥನಾ, ಆಮ್ಯಾಲೆ ಓದು. ಮೊಬೈಲ್ ಪಥ್ಯ ಮಾಡ್ರಿ!" ಮರಳಿಸುವಾಗ ಮನಸ್ಸಿಗೆ ನಾಟಿದ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅದೇ ಪುಸ್ತಕ ಮತ್ತೆ ನಮ್ಮ ಕೈಗೆ. ಕಳೆದ ವಾರ ಪಾಸ್ಟರನ್ನೂ ಬಿಡಲಿಲ್ಲ: "ಬರೇ ಹಾಳಿ ತಿರುವೀರಿ ನೀವು. ಇನ್ನೊಮ್ಮೆ ಒಯ್ರಿ." ಅವರು ನಗುತ್ತ ಒಯ್ದರು. ಭಾನುವಾರ ನಾವೆಲ್ಲ ಮರಾಠಿಯಲ್ಲಿ ವಚನ ಓದಿ ಮುಗಿಸಿದಾಗ, ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಷರ ಕಲಿತ ಮಾವಶಿಯ ಬೆರಳು ತನ್ನ ಕನ್ನಡ ಬೈಬಲಿನ ಮೇಲೆ ಇನ್ನೂ ನಡುದಾರಿಯಲ್ಲಿರುತ್ತದೆ. ಅದು ಕೊನೆಯ ಪದ ಮುಟ್ಟುವವರೆಗೆ ಪಾಸ್ಟರು ಆಮೆನ್ ಹೇಳುವುದಿಲ್ಲ.